ಚೆಂಡುಗಳ ನಡುವಿನ ಖಾಲಿ ಜಾಗ

ಸ್ಕ್ರೀನ್ ಮೇಲೆ ಹನ್ನೆರಡು ಗಾಲ್ಫ್ ಚೆಂಡು ಕಾಣ್ತಿವೆಯಲ್ಲ, ಅಷ್ಟೂ ಒಂದೇ ಚೆಂಡು. ಕೋಣೆ ಪೂರ್ತಿ ಕತ್ತಲು ಮಾಡಿ, ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟು, ಕ್ಯಾಮೆರಾದ ಶಟರ್ 0.6 ಸೆಕೆಂಡು ತೆರೆದಿಟ್ವಿ. ಅಷ್ಟರಲ್ಲಿ ಫ್ಲ್ಯಾಶ್ 12 ಸಲ ಮಿಂಚುತ್ತೆ, ಅಂದ್ರೆ ಸೆಕೆಂಡಿಗೆ 20ರ ಲೆಕ್ಕ. ನಾನು ಎಸೆದೆ, ಗೆಳೆಯ ಶಟರ್ ಒತ್ತಿದ. ಅದೆಷ್ಟೋ ಸಲ ಎಸೆದ ಮೇಲೆ ಕೈಗೆ ಸಿಕ್ಕಿದ್ದು ಇದೊಂದು.

ಎಡಿಟಿಂಗ್ ಇಬ್ಬರದ್ದೂ. ಮೊದಲ ಸುತ್ತು ನಂದು. ಬಟ್ಟೆಯ ಮಡಿಕೆಗಳು ಎದ್ದು ಕಾಣ್ತಿದ್ವು. ಯಾಕಂದ್ರೆ ಓಡೋ ಚೆಂಡಿನ ಒಂದೊಂದು ಬಿಂಬಕ್ಕೆ ಒಂದೇ ಮಿಂಚು ಬೀಳುತ್ತೆ, ಅಲ್ಲಾಡದ ಬಟ್ಟೆಗೆ ಹನ್ನೆರಡೂ ಬೀಳುತ್ತೆ. ಅದನ್ನ ಇನ್ನಷ್ಟು ಕಪ್ಪು ಮಾಡಿ ಕಳಿಸಿದೆ.

ಎರಡು ದಿನ ಬಿಟ್ಟು ವಾಪಸ್ ಬಂತು. ಎಷ್ಟು ಚೆಂದ ಇತ್ತು ಅಂದ್ರೆ, ಪೋಣಿಸಿಟ್ಟ ಮುತ್ತಿನ ಸರದ ಹಾಗೆ. ಆದ್ರೂ ನೋಡ್ತಾ ನೋಡ್ತಾ ಕಸಿವಿಸಿ. ಚೆಂಡಿಗೆ ತೂಕವೇ ಇಲ್ಲ ಅನ್ನಿಸ್ತು.

ಪ್ರತಿ ಚೆಂಡಿನ ನಟ್ಟನಡುವಿನಿಂದ ಕೆಳಕ್ಕೆ ಒಂದೊಂದು ಗೆರೆ ಎಳೆದೆ. ಗುರುತ್ವ ಎಳೆಯೋದು ಕೆಳಕ್ಕೆ ಮಾತ್ರ. ಅಡ್ಡಕ್ಕೆ ಚೆಂಡು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋಗುತ್ತೆ. ಹಾಗಾಗಿ ಗೆರೆಗಳೆಲ್ಲ ಸಮ ಅಂತರದಲ್ಲಿ ನಿಲ್ಲಬೇಕು. ಏರುವ ಕಡೆ ನಿಂತಿದ್ವು, ಇಳಿಯುವ ಕಡೆಯೂ ನಿಂತಿದ್ವು. ನೆತ್ತಿಯಲ್ಲಿ ಮಾತ್ರ ನಾಲ್ಕು ಗೆರೆ ದೂರ ದೂರ.

ಫೋನ್ ಮಾಡಿದೆ. "ಹೌದು ಕಣೋ, ಅಲ್ಲಿ ನಾಲ್ಕು ಚೆಂಡು ಒಂದರ ಮೇಲೊಂದು ಬಿದ್ದು ಬರೀ ಬಿಳಿ ಮುದ್ದೆ ಆಗಿತ್ತು. ಸ್ವಲ್ಪ ಬಿಡಿಸಿ, ಇಳಿಯೋ ಭಾಗನ ಬಲಕ್ಕೆ ಜರುಗಿಸಿದೆ," ಅಂದ.

ಮುದ್ದೆ ಆಗಿದ್ದು ನಿಜ. ಎರಡು ಬಿಂಬ ಕೂಡಿದ ಕಡೆ ಬೆಳಕೂ ಎರಡರಷ್ಟು. ಆದ್ರೆ ಚೆಂಡು ಏರೋದು ಮುಗಿಸಿ ಇಳಿಯೋಕೆ ಶುರು ಮಾಡೋ ಜಾಗ ಅದು. ನೆತ್ತಿಯಿಂದ ಮೊದಲ 0.05 ಸೆಕೆಂಡಿನಲ್ಲಿ ಇಳಿಯೋದು ಬರೀ 1.2 ಸೆಂಟಿಮೀಟರ್. ಮುಂದಿನ ಅಷ್ಟೇ ಹೊತ್ತಿನಲ್ಲಿ 3.7, ಅದರ ಮುಂದೆ 6.1. ಒಂದು, ಮೂರು, ಐದರ ಪಾಲು. ಈ ಚಿತ್ರದಲ್ಲಿ ಗಡಿಯಾರ ಅಂತ ಇರೋದು ಆ ಖಾಲಿ ಜಾಗಗಳೇ. ಬೆಳಕು ತಗ್ಗಿಸು, ಅಂಚು ತಿದ್ದು, ನನ್ನ ತಕರಾರಿಲ್ಲ. ಜಾಗ ಮಾತ್ರ ಮುಟ್ಟಬಾರದು.

ಬಿಂಬಗಳು ಮೇಲೆ ಮೇಲೆ ಬೀಳೋ ಈ ತೊಂದರೆ ತುಂಬ ಹಳೇದು. 1880ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಜೂಲ್ ಮಾರೆ, ಮನುಷ್ಯರ ನಡಿಗೆಯನ್ನ ಒಂದೇ ಫಲಕದ ಮೇಲೆ ಹಿಡಿಯುವಾಗ ಇದಕ್ಕೇ ಸಿಕ್ಕಿಬಿದ್ದಿದ್ದ. ಅವರಿಗೆ ಮೈತುಂಬ ಕಪ್ಪು ಉಡುಪು ತೊಡಿಸಿ, ಕೈಕಾಲಿನ ಉದ್ದಕ್ಕೂ ಬಿಳಿ ಪಟ್ಟಿ ಹಾಕಿಸಿದ. ಮೈ ಕತ್ತಲಲ್ಲಿ ಕರಗಿತು, ಪಟ್ಟಿಗಳಷ್ಟೇ ಉಳಿದ್ವು. ನನಗೆ ಇದು ಬಹಳ ಇಷ್ಟ: ಅವನು ಬದಲಾಯಿಸಿದ್ದು ಲೆನ್ಸಿನ ಮುಂದಿದ್ದದ್ದನ್ನ.

ಇದನ್ನೇ ಹೇಳಿದೆ. ಗೆಳೆಯ ಒಂದು ಗಳಿಗೆ ಸುಮ್ಮನಿದ್ದು, "ಹಾಗಾದ್ರೆ ಅಡ್ಡಕ್ಕೆ ಇನ್ನೂ ಜೋರಾಗಿ ಎಸಿ," ಅಂದ. ನನಗೆ ಹೊಳೆದಿರಲಿಲ್ಲ. ಚೆಂಡಿನ ಅಗಲ ಸುಮಾರು 4.3 ಸೆಂಟಿಮೀಟರ್. ಎರಡು ಮಿಂಚಿನ ನಡುವೆ ಅದಕ್ಕಿಂತ ಹೆಚ್ಚು ಸರಿದ್ರೆ, ಅಂದ್ರೆ ಅಡ್ಡಕ್ಕೆ ಸೆಕೆಂಡಿಗೆ 90 ಸೆಂಟಿಮೀಟರ್ ಹೋದ್ರೆ, ಬಿಂಬಗಳು ತಾವಾಗೇ ಬಿಡಿಬಿಡಿ.

ಈಗ ತೋರಿಸ್ತಿರೋ ಈ ಎರಡನೇ ಚಿತ್ರ ಹಾಗೆ ಎಸೆದು ತೆಗೆದದ್ದು. ನೆತ್ತಿಯಲ್ಲಿ ಚೆಂಡುಗಳು ಒಂದಕ್ಕೊಂದು ತಾಗೀ ತಾಗದ ಹಾಗಿವೆ ನೋಡಿ. ಎಡ ಮೂಲೆಯಲ್ಲಿ ನನ್ನ ಕೈ. ಮಣಿಕಟ್ಟು ಹೆಚ್ಚು ಅಲ್ಲಾಡದೆ ಬೆಳ್ಳಗೆ ಸುಟ್ಟುಹೋಗಿದೆ, ಬೆರಳುಗಳು ಮಾತ್ರ ಬಿಚ್ಚಿಕೊಳ್ತಾ ಮಸುಕಾಗಿ ಮೂರು ಕಡೆ ಮೂಡಿವೆ. ಕೈ ಕ್ರಾಪ್ ಮಾಡೋಣ ಅನ್ನೋದು ಅವನ ವಾದ. ಬೇಡ ಅನ್ನೋದು ನಂದು, ಚೆಂಡು ಎಲ್ಲಿಂದ ಹೊರಟಿತು ಅಂತ ತೋರಿಸ್ತಿರೋದು ಆ ಬೆರಳುಗಳೇ. ಇವತ್ತು ರಾತ್ರಿ ಫೈಲ್ ಅವನಿಗೆ ಹೋಗುತ್ತೆ, ಕೈ ಸಮೇತ.