ಬಾಣಂತಿಗೆ ಒಂದು ಚೊಂಬು ನೀರು

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ. ಮುಂದಿನ ಸಾಲು ಅಧಿಕಾರಿಗಳಿಗೆ ಅಂತ ಬಿಟ್ಟಿದ್ದಾರೆ, ಅವರು ಬರುವುದಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬನ್ನಿ, ಕೂತುಕೊಳ್ಳಿ.

ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ತಾಯಿಹಾಲಿನ ಮಹತ್ವ’ ಅಂತ ಹಾಕಿದ್ದಾರೆ. 34 ವರ್ಷ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದಿದ್ದೇನೆ, ಊರವರ ಬಾಯಲ್ಲಿ ‘ನರ್ಸಮ್ಮ’. ಈ ಮಹತ್ವದ ಭಾಷಣ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಕೂತಿರುವ ಆಶಾ ಕಾರ್ಯಕರ್ತೆಯರು ಇದನ್ನು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಾರೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ಬರೀ ಎದೆಹಾಲು. ಆಯಿತಲ್ಲ? ಮಹತ್ವ ಮುಗಿಯಿತು. ಇನ್ನು ಆ ಹಾಲು ಕೊಡುವವಳ ವಿಷಯಕ್ಕೆ ಬರೋಣ. ಅವಳಿಗೆ ಬಾಯಾರಿದೆ.

ನಗಬೇಡಿ, ನಿಜವಾಗಲೂ ಬಾಯಾರಿದೆ. ನಮ್ಮ ಕಡೆ ಬಾಣಂತಿ ನೀರು ಕೇಳಿದರೆ ಏನು ಹೇಳುತ್ತೇವೆ? ಹೊಟ್ಟೆ ಬರುತ್ತೆ, ಮೈ ನೀರಾಗುತ್ತೆ, ಮಗೂಗೆ ಶೀತ ಆಗುತ್ತೆ. ಹಾಗಂತ ಜೀರಿಗೆ ಹಾಕಿ ಕಾಯಿಸಿದ ನೀರು ದಿನಕ್ಕೆ ಎರಡು ಲೋಟ, ಅದೂ ಅಳೆದು. ಈ ಕಥೆ ನನ್ನ ಮೈ ಮೇಲೇ ಆಗಿದೆ, ಹೇಳಿಬಿಡುತ್ತೇನೆ. ಅಧ್ಯಕ್ಷರೇ, ಸ್ವಲ್ಪ ಉದ್ದ ಇದೆ, ಕ್ಷಮಿಸಿ.

1987. ನನ್ನ ಮೊದಲ ಬಾಣಂತನ, ತವರುಮನೆಯಲ್ಲಿ. ಆಗಲೇ ಮೂರು ವರ್ಷ ಸರ್ವೀಸಾಗಿತ್ತು ನನಗೆ. ಊರೂರು ತಿರುಗಿ ಬಾಣಂತಿಯರಿಗೆ ನೀರು ಕುಡೀರಮ್ಮಾ ಅಂತ ಹೇಳುತ್ತಿದ್ದವಳು ನಾನೇ. ತವರಿನ ಹೊಸ್ತಿಲು ದಾಟಿದ್ದೇ ತಡ, ನನ್ನ ಟ್ರೈನಿಂಗು, ಸರ್ಟಿಫಿಕೇಟು ಎಲ್ಲ ಹೊರಗೇ ಉಳಿಯಿತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಹಳೇ ಸೀರೆ ಬಿಗಿದು ಕಟ್ಟಿ, ಕತ್ತಲೆ ಕೋಣೆಯ ಹಗ್ಗದ ಮಂಚದಲ್ಲಿ ಮಲಗಿಸಿದರು. ಊಟಕ್ಕೆ ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ರುಚಿಯಾಗಿಯೇ ಇತ್ತು. ಆದರೆ ಮೆಣಸಿನ ಸಾರು ಉಂಡು ನೀರಿಲ್ಲದೆ ಕೂರುವುದು ಹೇಗಿರುತ್ತೆ ಅಂತ ಗಂಡಸರು ಒಂದು ದಿನ ಮಾಡಿ ನೋಡಿ.

ಮಗು ಎದೆಗೆ ಬಾಯಿ ಹಾಕುತ್ತಿದ್ದ ಹಾಗೇ ನಾಲಿಗೆ ಒಣಗುತ್ತಿತ್ತು. ಇದು ನಖರಾ ಅಲ್ಲ, ತಾಯಂದಿರೇ. ಮಗು ಚೀಪುವಾಗ ಹಾಲು ಇಳಿಸುವ ಹಾರ್ಮೋನು ಒಂದು ಏಳುತ್ತದೆ, ಆಕ್ಸಿಟೋಸಿನ್ ಅಂತ. ಅದರ ಜೊತೆಗೇ ಬಾಯಾರಿಕೆಯೂ ಏಳುತ್ತದೆ. ದೇಹವೇ ಕೇಳುತ್ತದೆ, ನೀರು ತಾ ಅಂತ. ಕೊಡುವವರು ಬೇಕಲ್ಲ.

ನಮ್ಮಜ್ಜಿ ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು. ಕಾವಲು! ರಾತ್ರಿ ಎರಡೋ ಮೂರೋ ಗಂಟೆ ಹೊತ್ತಿಗೆ ಅಜ್ಜಿಯನ್ನು ದಾಟಿಕೊಂಡು ನಾನು ಬಚ್ಚಲಿಗೆ ಹೋಗುತ್ತಿದ್ದೆ. ಅಡುಗೆಮನೆಗೆ ಹೋಗುವ ಹಾಗಿಲ್ಲ, ಪುರುಡು. ಬಚ್ಚಲಲ್ಲಿ ತಾಮ್ರದ ಹಂಡೆ, ಒಲೆಯಲ್ಲಿ ಇನ್ನೂ ಚೂರು ಕೆಂಡ. ಪಕ್ಕದಲ್ಲಿ ಒಂದು ಹಿತ್ತಾಳೆ ಚೊಂಬು. ಆ ಚೊಂಬಲ್ಲಿ ಮೊಗೆದು ಕುಡಿಯುತ್ತಿದ್ದೆ. ಉಗುರು ಬೆಚ್ಚಗಿನ ನೀರು, ಹೊಗೆ ವಾಸನೆ, ಸೀಗೆಪುಡಿ ವಾಸನೆ. ಒಂದು ಚೊಂಬು, ಮತ್ತೊಂದು ಚೊಂಬು. ಆಮೇಲೆ ಎಷ್ಟೋ ಮದುವೆ ಮನೆಗಳಲ್ಲಿ ಬಾದಾಮಿ ಹಾಲು ಕುಡಿದಿದ್ದೇನೆ, ಆ ಹಂಡೆ ನೀರಿನ ರುಚಿ ಯಾವುದಕ್ಕೂ ಬರಲಿಲ್ಲ. ಹೀಗೆ ನಲವತ್ತು ದಿನ ಕದ್ದು ಕುಡಿದೆ. ಸರ್ಕಾರಿ ನರ್ಸು, ಬಚ್ಚಲಲ್ಲಿ ಕಳ್ಳತನ.

ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಅಜ್ಜಿ ಹಾಸಿಗೆ ಹಿಡಿದ ಕಾಲಕ್ಕೆ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು, ಅಜ್ಜಿ, ನಾನು ಹಿಂಗಿಂಗೆ ಮಾಡ್ತಿದ್ದೆ ಅಂದೆ. ಅಜ್ಜಿ ಕಣ್ಣೂ ಬಿಡಲಿಲ್ಲ. “ಗೊತ್ತಿತ್ತು ಕಣೆ. ರಾತ್ರಿ ಚೊಂಬು ಬೋರಲು ಹಾಕಿ ಬರ್ತಿದ್ದೆ. ಬೆಳಿಗ್ಗೆ ನೆಟ್ಟಗೆ ಕೂತಿರ್ತಿತ್ತು” ಅಂದಳು. ಮತ್ತೆ ಯಾಕೆ ಬೈಯಲಿಲ್ಲ ಅಂದರೆ, “ನಿಂಗಾದ್ರೂ ಹಂಡೆ ಇತ್ತು. ನಂಗೆ ಕೊಟ್ಟಿಗೆ ಬಾನಿಯೇ ಗತಿಯಾಗಿತ್ತು” ಅಂದಳು.

ದನ ಕುಡಿಯುವ ಬಾನಿ. ಅಂದರೆ ಅವಳೂ ಕದ್ದಿದ್ದಳು. ನಮ್ಮಮ್ಮ ಎಲ್ಲಿ ಕುಡಿದಳೋ ಕೇಳುವ ಧೈರ್ಯ ನನಗಾಗಲಿಲ್ಲ. ಒಂದೇ ಮನೆಯ ಹೆಂಗಸರು ತಲೆಮಾರಿನಿಂದ ತಲೆಮಾರಿಗೆ ನೀರು ಬಚ್ಚಿಡುವುದು, ನೀರು ಕದಿಯುವುದು, ಎರಡನ್ನೂ ಕಲಿಸಿಕೊಂಡು ಬಂದಿದ್ದೇವೆ.

ನಾನು ಹಳೇದನ್ನೆಲ್ಲ ಬೈಯುವವಳಲ್ಲ. ತಿಪಟೂರಲ್ಲಿ ನಿಂತುಕೊಂಡು ಬಾಣಂತಿಗೆ ಕೊಬ್ಬರಿ ಬೇಡ ಅಂದರೆ ನೀವು ಬಿಡುತ್ತೀರಾ ನನ್ನನ್ನ? ಕೊಬ್ಬರಿ ಕೊಡಿ, ಮೆಂತ್ಯದ ಉಂಡೆ ಕೊಡಿ, ಉತ್ತರ ಕರ್ನಾಟಕದವರು ಅಂಟಿನುಂಡೆ ಕಟ್ಟುತ್ತಾರೆ, ಅದನ್ನೂ ಕೊಡಿ. ಸಬ್ಬಸಿಗೆ ಸೊಪ್ಪು ಕೊಡಿ. ಎಣ್ಣೆ ಹಚ್ಚಿ ನೀರು ಹಾಕಿ, ಬಾಣಂತಿ ಬೆನ್ನಿಗೆ ಬಿಸಿನೀರು ಬಿದ್ದರೆ ಎಷ್ಟು ಹಿತ ಅಂತ ಅನುಭವಿಸಿದವರಿಗೇ ಗೊತ್ತು. ಮೂರು ತಿಂಗಳು ಕೆಲಸ ಹೇಳದೆ ಮಲಗಿಸುವುದಿದೆಯಲ್ಲ, ಅದಂತೂ ಬಂಗಾರದಂಥ ಪದ್ಧತಿ. ನೀರಿನದ್ದೂ ಎಲ್ಲೋ ಒಂದು ಕಾರಣ ಇದ್ದೀತು. ಕೆರೆ ನೀರು ಕುಡಿದು ವಾಂತಿಭೇದಿ ಆಗುತ್ತಿದ್ದ ಕಾಲದಲ್ಲಿ ‘ಕಾಯಿಸಿದ್ದೇ ಕೊಡಿ’ ಅಂದದ್ದು ಬರ್ತಾ ಬರ್ತಾ ‘ಕೊಡಲೇಬೇಡಿ’ ಆಯಿತೇನೋ. ಇದು ನನ್ನ ಊಹೆ ಅಷ್ಟೆ.

ಈಗ ಲೆಕ್ಕ ನೋಡಿ. ತಾಯಿಹಾಲಲ್ಲಿ ನೂರಕ್ಕೆ 87 ಭಾಗ ನೀರೇ. ಹಾಲು ಸರಿಯಾಗಿ ಕೂಡಿಕೊಂಡ ಮೇಲೆ ಮಗು ದಿನಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಲೀಟರ್ ಕುಡಿಯುತ್ತದೆ. ಅದು ಎಲ್ಲಿಂದ ಬರಬೇಕು? ಕರೆಯುವ ಹಸುವಿಗೆ ಬಾನಿ ತುಂಬ ನೀರಿಡುತ್ತೇವೆ, ಒಂದು ಹೊತ್ತು ತಪ್ಪಿದರೆ ಮನೆ ಯಜಮಾನ ಕೂಗಾಡುತ್ತಾನೆ. ಹಾಗಂತ ಕೊಡಗಟ್ಟಲೆ ಕುಡಿಸಿದರೆ ಹಾಲು ಉಕ್ಕುತ್ತೆ ಅಂತಲೂ ಅಲ್ಲ, ಅದೂ ಸುಳ್ಳೇ. ಬಾಯಾರಿದಾಗ ಬಾಯಾರಿದಷ್ಟು. ಇಷ್ಟೇ ನಾನು ಕೇಳುತ್ತಿರುವುದು.

ಇನ್ನೊಂದು ವಿಷಯ, ಇದು ತಮಾಷೆಯದ್ದಲ್ಲ. ಹೆರಿಗೆಯಾದ ಮೊದಲ ಆರು ವಾರ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ನೀರಿಲ್ಲ, ಮಂಚ ಬಿಟ್ಟು ಏಳುವ ಹಾಗಿಲ್ಲ. ಕೆಲವರಿಗೆ ಮೆದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟಿ ತಡೆಯಲಾರದ ತಲೆನೋವು, ವಾಂತಿ, ಫಿಟ್ಸ್ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಇದರ ಬಗ್ಗೆ ಎಷ್ಟೋ ವರ್ಷದ ಹಿಂದೆಯೇ ಬರೆದಿದ್ದಾರೆ. ನಾವು ಅದಕ್ಕೆ ‘ಗಾಳಿ ತಗುಲಿತು’ ಅಂತ ಹೆಸರಿಟ್ಟು ಇನ್ನೊಂದು ಬಟ್ಟೆ ಬಿಗಿಯುತ್ತೇವೆ. ಬಾಣಂತಿಗೆ ಹೀಗೆ ತಲೆನೋವು ಬಂದರೆ ಆಸ್ಪತ್ರೆಗೆ ಹೋಗಿ, ಮಂತ್ರ ಹಾಕಿಸುತ್ತಾ ಕೂರಬೇಡಿ.

ಇದರಲ್ಲಿ ನನಗೆ ಜಾಸ್ತಿ ಸಿಟ್ಟು ತರಿಸುವುದು ಯಾವುದು ಗೊತ್ತಾ? ಕುಡಿಯಬೇಕಾದ ತಾಯಿಗೆ ನೀರಿಲ್ಲ, ಆದರೆ ಬೇಡವೇ ಬೇಡದ ಮಗುವಿಗೆ ಒಳಲೆಯಲ್ಲಿ ಕಲ್ಲುಸಕ್ಕರೆ ನೀರು! ಮಗು ಬೇಸಿಗೆಯಲ್ಲೂ ಬದುಕುತ್ತದೆ ಎದೆಹಾಲಲ್ಲೇ, ಆರು ತಿಂಗಳು ಒಂದು ತೊಟ್ಟು ನೀರೂ ಬೇಡ. ಜೇನುತುಪ್ಪ ಅಂತೂ ವರ್ಷ ತುಂಬುವ ತನಕ ಮುಟ್ಟಿಸಬೇಡಿ. ಹಾಗೇ ಮೊದಲ ಹಾಲು. ಪಕ್ಕದ ಮನೆ ಹಸು ಕರು ಹಾಕಿದರೆ ಗಿಣ್ಣು ಬಂತಾ ಅಂತ ಬೀದಿಯೆಲ್ಲ ಪಾತ್ರೆ ಹಿಡಿದು ನಿಲ್ಲುತ್ತದೆ. ನಮ್ಮ ಹುಡುಗಿಯ ಗಿಣ್ಣನ್ನು ಮಾತ್ರ ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲುತ್ತಿದ್ದೆವು. ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಆಯಿತು, ಇದು ಹಳ್ಳಿ ಕಥೆ, ನಮಗೇನು ಅಂತ ಪೇಟೆಯವರು ಅಂದುಕೊಳ್ಳಬೇಡಿ. ನನ್ನ ಮಗಳ ಬಾಣಂತನ ಬೆಂಗಳೂರಲ್ಲೇ ಆಯಿತು, ಅವಳ ಫ್ಲ್ಯಾಟಲ್ಲಿ. ನಾನು ಹೋಗುವುದು ಒಂದು ವಾರ ತಡವಾಯಿತು. ಅವಳಿಗೆ ಯಾವ ಪಥ್ಯವೂ ಇಲ್ಲ, ಕಾವಲಿಗೆ ಅಜ್ಜಿಯೂ ಇಲ್ಲ. ಮೊಬೈಲಲ್ಲಿ ಒಂದು ಆ್ಯಪ್, ಎಷ್ಟು ಗಂಟೆಗೆ ಯಾವ ಕಡೆ ಕುಡಿಸಿದೆ ಅಂತ ಬರೆದಿಡುವುದು. ಹೋದವಳು ನೋಡುತ್ತೇನೆ, ಸೋಫಾದ ಮೂಲೆಯಲ್ಲಿ ಕೂತು ಮಗುವಿಗೆ ಹಾಲು ಕೊಡುತ್ತಿದ್ದಾಳೆ, ಒಂದು ಕೈ ಮಗುವಿನ ಕತ್ತಿಗೆ, ಇನ್ನೊಂದು ಎದೆಗೆ. ನೀರಿನ ಬಾಟಲಿ ಎದುರಿನ ಟೀಪಾಯಿ ಮೇಲಿದೆ. ನಾಲ್ಕು ಅಡಿ ದೂರ. “ಅಮ್ಮ, ಮುಕ್ಕಾಲು ಗಂಟೆಯಿಂದ ಆ ಬಾಟಲಿನೇ ನೋಡ್ತಿದೀನಿ” ಅಂದಳು. ಎದ್ದರೆ ಮಗು ಎಚ್ಚರವಾಗುತ್ತೆ ಅಂತ ಕೂತಿದ್ದಾಳೆ. ಅಳಿಯ ಪಕ್ಕದ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಮೀಟಿಂಗಲ್ಲಿ. ಒಳ್ಳೆಯ ಹುಡುಗ ಅವನು, ಆದರೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಚ್ಚಳ ತೆಗೆದು ಬಾಟಲಿ ಅವಳ ಬಾಯಿಗೆ ಹಿಡಿದೆ. ಗಟಗಟ ಅಂತ ಮುಕ್ಕಾಲು ಬಾಟಲಿ ಖಾಲಿ ಮಾಡಿದಳು. ನಾನು ಹಂಡೆಯಿಂದ ಕುಡಿದದ್ದೂ ಹೀಗೇ.

ಹಾಗಾಗಿ ಗಂಡಸರಿಗೆ ಒಂದೇ ಕೆಲಸ ಹೇಳುತ್ತೇನೆ. ಕೇಂದ್ರ ಸರ್ಕಾರದ ನೌಕರರಿಗೆ ಅಪ್ಪನಾದಾಗ 15 ದಿನ ರಜೆ ಇದೆ. ರಜೆ ಇಲ್ಲದವರಿಗೂ ಕೈ ಇದೆ. ಅವಳು ಮಗುವನ್ನು ಎದೆಗೆ ಹಾಕಿಕೊಂಡ ತಕ್ಷಣ ಕೈಗೆಟುಕುವ ಕಡೆ ನೀರಿಡಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೊಡುತ್ತಾಳೆ, ಹನ್ನೆರಡು ಸಲ ಇಡಿ. ಯಾರೋ ಚಪ್ಪಾಳೆ ತಟ್ಟಿದರು, ಹೆಂಗಸರ ಕಡೆಯಿಂದ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷ ಅಂತೆ. ನಾನು ಬರೆದುಕೊಂಡು ಬಂದದ್ದರಲ್ಲಿ ಅರ್ಧವೂ ಆಗಿಲ್ಲ.

ಮಗು ನೋಡಲು ಬರುವ ನೆಂಟರೇ, ಬಂದ ಕೂಡಲೇ ‘ಹಾಲು ಸಾಲ್ತಿಲ್ಲ ಅಲ್ವಾ, ಮಗು ಬಡವಾಗಿದೆ’ ಅನ್ನಬೇಡಿ. ಹುಟ್ಟಿದ ಮಗು ಮೊದಲ ಕೆಲವು ದಿನ ತೂಕ ಇಳಿಯುತ್ತದೆ, ಹತ್ತು ಹದಿನಾಲ್ಕು ದಿನಕ್ಕೆ ಮತ್ತೆ ಹುಟ್ಟಿದ ತೂಕಕ್ಕೆ ಬರುತ್ತದೆ. ಐದನೇ ದಿನದ ಮೇಲೆ ದಿನಕ್ಕೆ ಆರು ಸಲ ಉಚ್ಚೆ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ ಅರ್ಥ. ನೀವು ಅಂದದ್ದು ಒಂದೇ ಮಾತು, ಆ ಹುಡುಗಿ ರಾತ್ರಿಯೆಲ್ಲ ಅದನ್ನೇ ನೆನೆದು ಅಳುತ್ತಾಳೆ, ಬೆಳಿಗ್ಗೆ ಅತ್ತೆ ಡಬ್ಬಿ ಹಾಲು ತರಿಸುತ್ತಾರೆ. ಡಬ್ಬಿ ಹಾಲಿನ ಜಾಹೀರಾತು ಬೇಡ ಅಂತ 1992ರಲ್ಲೇ ಕಾಯ್ದೆ ಬಂದಿದೆ. ನೆಂಟರ ಬಾಯಿಗೆ ಯಾವ ಕಾಯ್ದೆ ತರುವುದು?

ಅಳುವ ವಿಷಯ. ಮೂರು ನಾಲ್ಕನೇ ದಿನ ಸುಮ್ಸುಮ್ನೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ, ಮಗು ಬೇಡ ಅನಿಸುತ್ತಿದ್ದರೆ, ಮಗು ಮಲಗಿದರೂ ಇವಳಿಗೆ ನಿದ್ದೆ ಬರದಿದ್ದರೆ, ಅದು ಕೊಬ್ಬಲ್ಲ, ಕಾಯಿಲೆ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದೇ ಮನಸ್ಸಿನ ಆರೋಗ್ಯದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲದ್ದು ಕಾಣುವುದು, ಕೇಳುವುದು, ನಮ್ಮವರು ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದಕ್ಕೆ ಅದೇ ದಿನ ಡಾಕ್ಟರು. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವಾರ್ಡು ಇದೆ. ಇದರ ಬಗ್ಗೆಯೇ ಒಂದು ದಿನ ಮಾತಾಡಬೇಕು, ಇವತ್ತು ಆಗಲ್ಲ.

ಆಶಾ ತಂಗಿಯರೇ, ನೀವು 3, 7, 14, 21, 28, 42ನೇ ದಿನ ಮನೆಗೆ ಹೋಗುತ್ತೀರಿ. ಮಗುವಿನ ತೂಕ ನೋಡಿ, ಜ್ವರ ನೋಡಿ, ಫಾರಂ ತುಂಬಿ. ಆಮೇಲೆ ಅತ್ತೆ ಒಳಗೆ ಕಾಫಿ ಮಾಡಲು ಹೋದಾಗ ಮೆಲ್ಲಗೆ ಕೇಳಿ, ನೀರು ಎಲ್ಲಿ ಕುಡಿತಿದೀಯಮ್ಮ ಅಂತ. ಎಷ್ಟು ಅಂತಲ್ಲ, ಎಲ್ಲಿ ಅಂತ. ಉತ್ತರ ಸಿಗುತ್ತದೆ.

ಮಾತೃಪೂರ್ಣ, ಅಂದರೆ ಗರ್ಭಿಣಿ ಬಾಣಂತಿಯರಿಗೆ ಸರ್ಕಾರ ಅಂಗನವಾಡಿಯಲ್ಲಿ ಕೊಡುವ ಊಟ, ಅದರ ಬಗ್ಗೆ ಬರೆದುಕೊಂಡಿದ್ದೆ. 2017ರಲ್ಲಿ ಶುರುವಾಯಿತು, ಒಳ್ಳೆಯ ಊಟ, ಮೊಟ್ಟೆ, ಹಾಲು, ಚಿಕ್ಕಿ. ಆದರೆ ಹೊಸ್ತಿಲು ದಾಟಬಾರದ ಬಾಣಂತಿಗೆ ಅಂಗನವಾಡಿಗೆ ಬಂದು ಉಣ್ಣು ಅಂದರೆ ಹೇಗೆ? ಹೋಗಲಿ ಬಿಡಿ. ಹೊಕ್ಕುಳಿಗೆ ಏನೂ ಹಚ್ಚಬೇಡಿ, ಒಣಗಲು ಬಿಡಿ. ಸಾಂಬ್ರಾಣಿ ಹೊಗೆ ಹಾಕುವವರು ಕೆಂಡ ಕೋಣೆಯೊಳಗಿಟ್ಟು ಬಾಗಿಲು ಮುಚ್ಚಬೇಡಿ, ಆ ಗಾಳಿ ವಿಷ, ತಾಯಿ ಮಗು ಇಬ್ಬರಿಗೂ. ಕಾಡಿಗೆ ಕಣ್ಣಿಗೆ ಬೇಡ, ದೃಷ್ಟಿಗಾದರೆ ಅಂಗಾಲಿಗಿಡಿ, ದೃಷ್ಟಿ ಅಲ್ಲೂ ಹೋಗುತ್ತೆ.

ಮತ್ತೊಂದು ಚೀಟಿ ಬಂತು. ಜೋಲಿ ಕಟ್ಟುವುದು, ಕಾಲ ಮೇಲೆ ಹಾಕಿಕೊಂಡು ಮಗುವಿಗೆ ನೀರು ಹಾಕುವುದು, ಎರಡೂ ಉಳಿಯಿತು. ಊಟದ ಹೊತ್ತಿಗೆ ನಾನು ಹಿಂದಿನ ಬಾಗಿಲ ಹತ್ತಿರ ಕೂತಿರುತ್ತೇನೆ, ಬಂದು ಕೇಳಿ. ಮೊಮ್ಮಗಳ ಜೋಲಿ ಸೀರೆ ಬ್ಯಾಗಲ್ಲೇ ಇದೆ, ಕಟ್ಟಿ ತೋರಿಸುತ್ತೇನೆ.