ಪೊರೆಯ ಈಚೆ, ಪೊರೆಯ ಆಚೆ

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವ ನೇರಳೆ ಬಣ್ಣದ ಉದ್ದುದ್ದ ಕೋಣೆಗಳು ಕೆಂಪು ಈರುಳ್ಳಿಯ ತೆಳುಸಿಪ್ಪೆಯ ಜೀವಕೋಶಗಳು. ಗಾಜಿನ ಪಟ್ಟಿಯ ಒಂದು ಅಂಚಿಗೆ ಉಪ್ಪುನೀರಿನ ಹನಿ ಬಿಟ್ಟು, ಇನ್ನೊಂದು ಅಂಚಿನಿಂದ ಸೋಸುಕಾಗದದಲ್ಲಿ ನೀರನ್ನು ಎಳೆದುಕೊಂಡೆ. ನೋಡನೋಡುತ್ತಿದ್ದಂತೆ ಬಣ್ಣದ ಭಾಗವು ಕೋಶಭಿತ್ತಿಯನ್ನು ಬಿಟ್ಟು ನಡುವಿಗೆ ಕುಗ್ಗತೊಡಗಿತು. ಗೋಡೆ ಇದ್ದಲ್ಲೇ ಇದೆ. ಹಿಂದೆ ಸರಿದದ್ದು ಕೋಶಪೊರೆ. ಸಾಮಾನ್ಯ ಸ್ಥಿತಿಯಲ್ಲಿ ಗೋಡೆಗೆ ಒತ್ತಿಕೊಂಡೇ ಇರುವುದರಿಂದ ಅದು ಪ್ರತ್ಯೇಕವಾಗಿ ಕಾಣಿಸುವುದಿಲ್ಲ. ಒಳಗಿನ ನೀರು ಹೊರಗೆ ಹೋಯಿತು, ಬಣ್ಣ ಮಾತ್ರ ಒಳಗೇ ಉಳಿಯಿತು.

ನಾನು ಓದುವಾಗ ಈ ಪ್ರಯೋಗವು ಪೊರೆಯ ಮೂಲಕ ನಡೆಯುವ ಸಾಗಣೆಯ ಪಾಠದಲ್ಲಿತ್ತು. ಕೋಶೀಯ ಉಸಿರಾಟ ಬಹಳ ಪುಟಗಳ ಆಚೆ, ಬೇರೆಯೇ ಪಾಠವಾಗಿತ್ತು. ಎರಡನ್ನೂ ಬಾಯಿಪಾಠ ಮಾಡಿದೆ. ಅವೆರಡೂ ಒಂದೇ ಪಾಠವೆಂದು ಅರ್ಥವಾದದ್ದು ಬಹಳ ತಡವಾಗಿ, ಮತ್ತು ಇಂದು ನಾನು ಹೇಳಬೇಕೆಂದಿರುವುದು ಅದನ್ನೇ. ಪೊರೆಯ ಎರಡು ಬದಿಗಳ ನಡುವಿನ ವ್ಯತ್ಯಾಸವೇ ಕೋಶದ ಬಂಡವಾಳ. ಅದನ್ನು ಕಟ್ಟಲು ಶಕ್ತಿ ಬೇಕು, ಶಕ್ತಿಯನ್ನು ಗಳಿಸಲು ಅದೇ ವ್ಯತ್ಯಾಸ ಬೇಕು.

ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಕೆಂಪು ರಕ್ತಕಣಗಳಿಂದ ಲಿಪಿಡ್ಡನ್ನು, ಅಂದರೆ ಕೊಬ್ಬಿನಂತಹ ವಸ್ತುವನ್ನು, ಬೇರ್ಪಡಿಸಿ ನೀರಿನ ಮೇಲೆ ಹರಡಿದಾಗ, ಅದು ಆ ಕಣಗಳ ಮೇಲ್ಮೈಯ ಎರಡರಷ್ಟು ಜಾಗವನ್ನು ಆವರಿಸಿತು. ಪೊರೆ ಎರಡು ಪದರಗಳದ್ದೆಂದು ಅವರು ತೀರ್ಮಾನಿಸಿದರು. ಅವರ ಅಳತೆಯಲ್ಲಿ ಎರಡು ತಪ್ಪುಗಳಿದ್ದು, ಒಂದು ಇನ್ನೊಂದನ್ನು ಸರಿದೂಗಿಸಿತೆಂಬುದು ಮುಂದೆ ತಿಳಿಯಿತು. ತೀರ್ಮಾನ ಮಾತ್ರ ಇಂದಿಗೂ ನಿಂತಿದೆ. ಈ ಎರಡು ಪದರಗಳ ನಡುವಣ ಎಣ್ಣೆಯಂತಹ ಭಾಗವನ್ನು ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ಗಳು ಸುಲಭವಾಗಿ ದಾಟುತ್ತವೆ. ವಿದ್ಯುದಂಶವಿರುವ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ತಾವಾಗಿ ದಾಟಲಾರವು ಎನ್ನುವಷ್ಟು ನಿಧಾನ.

ನೀರಿನ ಕಥೆ ನನಗೆ ಅತ್ಯಂತ ಪ್ರಿಯವಾದದ್ದು, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಪ್ಪೆಯ ಅಂಡಕೋಶಗಳನ್ನು ತಿಳಿನೀರಿನಲ್ಲಿಟ್ಟರೆ ಅವು ಅಷ್ಟಾಗಿ ಊದಿಕೊಳ್ಳುವುದಿಲ್ಲ. 1992ರಲ್ಲಿ ಪೀಟರ್ ಆಗ್ರೆ ಅವರ ತಂಡವು ಕೆಂಪು ರಕ್ತಕಣದ ಒಂದು ಪ್ರೋಟೀನನ್ನು ಅಂತಹ ಅಂಡಕೋಶಗಳೇ ತಯಾರಿಸುವಂತೆ ಮಾಡಿ ತಿಳಿಯಾದ ದ್ರಾವಣಕ್ಕೆ ಹಾಕಿದಾಗ, ಅವು ಕೆಲವೇ ನಿಮಿಷಗಳಲ್ಲಿ ನೀರು ಕುಡಿದು ಒಡೆದುಹೋದವು. ಆ ಪ್ರೋಟೀನೇ ಇಂದು ನಾವು ಅಕ್ವಾಪೋರಿನ್ ಎನ್ನುವ ನೀರಿನ ಕಾಲುವೆ. ಒಂದು ಕಾಲುವೆಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಲಾಗಿ ಹಾದುಹೋಗಬಲ್ಲವು. ಆದರೆ ನೀರಿನ ಅಣುಗಳು ಹೀಗೆ ಸರಪಳಿಯಂತೆ ನಿಂತಾಗ ಪ್ರೋಟಾನ್, ಅಂದರೆ ಹೈಡ್ರೋಜನ್ ಅಯಾನು, ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾ ಸಾಗುವುದು ಸಹಜ. ಅಕ್ವಾಪೋರಿನ್ ಅದಕ್ಕೆ ಅವಕಾಶ ಕೊಡುವುದಿಲ್ಲ: ಕಾಲುವೆಯ ನಡುವಿನ ವಿದ್ಯುತ್ ಸನ್ನಿವೇಶವು ಪ್ರೋಟಾನನ್ನು ಹಿಮ್ಮೆಟ್ಟಿಸುತ್ತದೆ, ನೀರು ಮಾತ್ರ ದಾಟುತ್ತದೆ. ಪ್ರೋಟಾನನ್ನು ತಡೆಯುವುದಕ್ಕೆ ಇಷ್ಟೊಂದು ಎಚ್ಚರ ಏಕೆಂಬ ಪ್ರಶ್ನೆಯನ್ನು ದಯವಿಟ್ಟು ನೆನಪಿನಲ್ಲಿಡಿ.

ಇಲ್ಲಿಯವರೆಗಿನದೆಲ್ಲ ಇಳಿಜಾರಿನ ಹರಿವು. ಅದಕ್ಕೆ ಶಕ್ತಿಯ ವೆಚ್ಚವಿಲ್ಲ. ಏರಿನ ದಾರಿ ಬೇರೆ. ನಮ್ಮ ಕೋಶಗಳ ಹೊರಗೆ ಲೀಟರಿಗೆ ಸುಮಾರು 145 ಮಿಲಿಮೋಲ್ ಸೋಡಿಯಂ ಇದ್ದರೆ ಒಳಗೆ ಇರುವುದು 10ರಿಂದ 15. ಪೊಟ್ಯಾಸಿಯಂ ಲೆಕ್ಕ ಇದಕ್ಕೆ ತಿರುವುಮುರುವು. ಈ ಅಂತರವನ್ನು ಕಾಯುವ ಪಂಪನ್ನು 1957ರಲ್ಲಿ ಯೆನ್ಸ್ ಸ್ಕೌ ಅವರು ಏಡಿಯ ನರಗಳಲ್ಲಿ ಗುರುತಿಸಿದರು. ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಒಂದು ಅಣುವಿನ ವೆಚ್ಚದಲ್ಲಿ ಅದು 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ನಾವು ಸುಮ್ಮನೆ ಮಲಗಿರುವಾಗಲೂ ದೇಹದ ಶಕ್ತಿವೆಚ್ಚದ ಸುಮಾರು ಐದನೆಯ ಒಂದು ಭಾಗ ಈ ಒಂದೇ ಕೆಲಸಕ್ಕೆ ಹೋಗುತ್ತದೆ. ಪರದೆಯ ಮೇಲಿರುವ ಈರುಳ್ಳಿಯ ಕೋಶಗಳಲ್ಲಿ ಈ ಪಂಪ್ ಇಲ್ಲ. ಸಸ್ಯಗಳು ಅದರ ಬದಲು ಪ್ರೋಟಾನುಗಳನ್ನು ಹೊರಕ್ಕೆ ಪಂಪು ಮಾಡುತ್ತವೆ.

ಇಷ್ಟು ದುಬಾರಿ ಅಂತರ ಏತಕ್ಕೆ? ನರಗಳ ಸಂದೇಶಕ್ಕೆ ಎಂಬುದು ಎಲ್ಲರಿಗೂ ತಿಳಿದ ಉತ್ತರ. ಸಣ್ಣ ಕರುಳು ಇನ್ನೊಂದು ಉತ್ತರವನ್ನು ಕೊಡುತ್ತದೆ. ಅಲ್ಲಿ ಸೋಡಿಯಂ ಒಳನುಗ್ಗುವ ರಭಸವನ್ನು ಬಳಸಿಕೊಂಡು ಒಂದು ಪ್ರೋಟೀನ್ ಗ್ಲೂಕೋಸನ್ನೂ ಜೊತೆಗೆ ಒಳಗೆಳೆಯುತ್ತದೆ: 2 ಸೋಡಿಯಂ, 1 ಗ್ಲೂಕೋಸ್. ಈ ಜೊತೆಸಾಗಣೆಯ ಕಲ್ಪನೆಯನ್ನು ರಾಬರ್ಟ್ ಕ್ರೇನ್ ಅವರು 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು. ಕಾಲರಾ ವಿಷವು ಕರುಳಿನಿಂದ ನೀರನ್ನು ಸುರಿಸುತ್ತಿರುವಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಸೋಡಿಯಂ ಮತ್ತು ಗ್ಲೂಕೋಸ್ ಒಳಗೆ ಹೋದರೆ ನೀರು ಹಿಂಬಾಲಿಸುತ್ತದೆ. ಓಆರ್‌ಎಸ್ ದ್ರಾವಣದಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 75 ಮಿಲಿಮೋಲ್ ಗ್ಲೂಕೋಸ್ ಇರುವುದು ಇದೇ ಕಾರಣಕ್ಕೆ. ಅಸಂಖ್ಯಾತ ಮಕ್ಕಳ ಜೀವ ಉಳಿಸಿದ ಈ ದ್ರಾವಣ ಪೊರೆಯ ಒಂದು ಪ್ರೋಟೀನಿನ ಗುಣವನ್ನು ಆಧರಿಸಿ ನಿಂತಿದೆಯೆಂದು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಇನ್ನು ಒಳಬಂದ ಗ್ಲೂಕೋಸಿನ ಮಾತು. ಕೋಶದ್ರವ್ಯದಲ್ಲಿ ಅದು ಎರಡು ಪೈರುವೇಟ್ ಅಣುಗಳಾಗಿ ಒಡೆದಾಗ ಕೈಗೆ ಉಳಿಯುವುದು ಕೇವಲ 2 ಎಟಿಪಿ. ಒಂದು ಗ್ಲೂಕೋಸಿನಿಂದ ಒಟ್ಟು ಸುಮಾರು 30 ಎಟಿಪಿ ದೊರೆಯುತ್ತವೆ. ಅದರ ಬಹುಪಾಲು ಕೋಶದೊಳಗಿನ, ಒಳಪೊರೆ ಹೊರಪೊರೆಗಳಿರುವ ಮೈಟೊಕಾಂಡ್ರಿಯ ಎಂಬ ಅಂಗಕದಲ್ಲಿ ತಯಾರಾಗುತ್ತದೆ. ಹೇಗೆ? ಎಲೆಕ್ಟ್ರಾನುಗಳು ಹಂತಹಂತವಾಗಿ ಆಮ್ಲಜನಕದತ್ತ ಇಳಿಯುವಾಗ ಯಾವುದೋ ರಾಸಾಯನಿಕ ಮಧ್ಯವರ್ತಿ ಹುಟ್ಟಿ ಎಟಿಪಿಯನ್ನು ತಯಾರಿಸುತ್ತಿರಬೇಕೆಂದು ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದರು. ಅಂತಹದ್ದು ಸಿಗಲಿಲ್ಲ. 1961ರಲ್ಲಿ ಪೀಟರ್ ಮಿಚೆಲ್ ಅವರು ಮಧ್ಯವರ್ತಿ ಒಂದು ವಸ್ತುವೇ ಅಲ್ಲ, ಅದು ಒಳಪೊರೆಯ ಎರಡು ಬದಿಗಳ ನಡುವಿನ ಪ್ರೋಟಾನುಗಳ ವ್ಯತ್ಯಾಸ ಎಂದರು. ಬಹಳ ಮಂದಿ ಒಪ್ಪಲಿಲ್ಲ. 1974ರಲ್ಲಿ ರ‍್ಯಾಕರ್ ಮತ್ತು ಸ್ಟೋಕೇನಿಯಸ್ ಅವರು ಕೃತಕ ಪೊರೆಯ ಚೀಲಗಳಲ್ಲಿ ಒಂದು ಸೂಕ್ಷ್ಮಜೀವಿಯ, ಬೆಳಕಿನಿಂದ ನಡೆಯುವ ಪ್ರೋಟಾನ್ ಪಂಪನ್ನೂ ದನದ ಹೃದಯದಿಂದ ತೆಗೆದ, ಪ್ರೋಟಾನುಗಳು ಹರಿದಾಗ ಎಟಿಪಿ ತಯಾರಿಸುವ ಎಟಿಪಿ ಸಿಂಥೇಸ್ ಕಿಣ್ವವನ್ನೂ ಒಟ್ಟಿಗೆ ಕೂರಿಸಿ ಬೆಳಕು ಬಿಟ್ಟರು. ಎಟಿಪಿ ತಯಾರಾಯಿತು. ಎಲ್ಲಿಂದಲೋ ತಂದ ಆ ಎರಡು ಯಂತ್ರಗಳ ನಡುವೆ ಪ್ರೋಟಾನುಗಳ ಒತ್ತಡದ ಹೊರತು ಬೇರಾವ ಸಂಬಂಧವೂ ಇರಲಿಲ್ಲ. ಇದಕ್ಕಿಂತ ಸ್ವಚ್ಛವಾದ ಪ್ರಯೋಗವನ್ನು ನಾನು ಕಂಡಿಲ್ಲ. 1978ರಲ್ಲಿ ಮಿಚೆಲ್ ಅವರಿಗೆ ನೊಬೆಲ್ ಬಂದಿತು.

ಆ ಒಳಪೊರೆಯ ಮೇಲೆ ಸುಮಾರು 150 ಮಿಲಿವೋಲ್ಟ್ ವಿಭವವಿರುತ್ತದೆ. ಸಂಖ್ಯೆ ಸಣ್ಣದು, ಆದರೆ 5 ನ್ಯಾನೋಮೀಟರ್ ದಪ್ಪಕ್ಕೆ ಲೆಕ್ಕ ಹಾಕಿದರೆ ಅದು ಮೀಟರಿಗೆ 3 ಕೋಟಿ ವೋಲ್ಟ್ ಆಗುತ್ತದೆ. ಅಕ್ವಾಪೋರಿನ್ ಪ್ರೋಟಾನನ್ನು ಏಕೆ ತಡೆಯುತ್ತದೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಪ್ರೋಟಾನ್ ಸೋರಿದರೆ ಬಂಡವಾಳವೇ ಸೋರಿದಂತೆ. ಡೈನೈಟ್ರೋಫಿನಾಲ್ ಎಂಬ ವಸ್ತು ಮಾಡುವುದು ಅದನ್ನೇ. ಅದು ಪ್ರೋಟಾನುಗಳನ್ನು ಹೊತ್ತು ಪೊರೆಯನ್ನು ದಾಟಿಸುತ್ತದೆ. ಉಸಿರಾಟ ಜೋರಾಗಿ ನಡೆಯುತ್ತಲೇ ಇದ್ದರೂ ಎಟಿಪಿಯ ಬದಲು ಶಾಖ ಹುಟ್ಟುತ್ತದೆ. 1930ರ ದಶಕದಲ್ಲಿ ತೂಕ ಇಳಿಸಲು ಇದನ್ನು ನುಂಗಿದ ಕೆಲವರು ಪ್ರಾಣ ಕಳೆದುಕೊಂಡರು. ನವಜಾತ ಶಿಶುವಿನ ಕಂದು ಕೊಬ್ಬಿನಲ್ಲಿ ಇಂತಹದೇ ಸೋರಿಕೆಯನ್ನು ಒಂದು ಪ್ರೋಟೀನ್ ಹತೋಟಿಯಲ್ಲಿ ನಡೆಸಿ ಮಗುವನ್ನು ಬೆಚ್ಚಗಿಡುತ್ತದೆ.

1997ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಭಾಗ ಎಟಿಪಿ ಸಿಂಥೇಸ್‌ನ ಕಾರ್ಯವಿಧಾನವನ್ನು ಬಿಡಿಸಿದ ಪಾಲ್ ಬಾಯರ್ ಮತ್ತು ಜಾನ್ ವಾಕರ್ ಅವರಿಗೂ, ಉಳಿದರ್ಧ ಸೋಡಿಯಂ ಪಂಪಿನ ಸ್ಕೌ ಅವರಿಗೂ ಸಂದಿತು. ಒಂದು ಯಂತ್ರ ವ್ಯತ್ಯಾಸವನ್ನು ಖರ್ಚುಮಾಡಿ ಎಟಿಪಿ ತಯಾರಿಸುತ್ತದೆ, ಇನ್ನೊಂದು ಎಟಿಪಿಯನ್ನು ಖರ್ಚುಮಾಡಿ ವ್ಯತ್ಯಾಸವನ್ನು ಕಟ್ಟುತ್ತದೆ. ಪರಿಸ್ಥಿತಿ ಬದಲಾದರೆ ಎರಡೂ ಹಿಮ್ಮುಖವಾಗಿ ಓಡಬಲ್ಲವು. ಪ್ರಯೋಗಾಲಯದಲ್ಲಿ ಸೋಡಿಯಂ ಪಂಪನ್ನು ಹಿಂದಕ್ಕೆ ಓಡಿಸಿ ಎಟಿಪಿ ಪಡೆದದ್ದೂ ಇದೆ.

ಈಗ ಮತ್ತೆ ಈರುಳ್ಳಿಯತ್ತ ನೋಡಿ. ಉಪ್ಪುನೀರನ್ನು ತೆಗೆದು ತಿಳಿನೀರು ಬಿಟ್ಟು ಹತ್ತು ನಿಮಿಷವಾಯಿತು. ಹೆಚ್ಚಿನ ಕೋಶಗಳಲ್ಲಿ ಬಣ್ಣ ಮತ್ತೆ ಗೋಡೆಯವರೆಗೆ ತುಂಬಿಕೊಂಡಿದೆ. ಎಡತುದಿಯ ಮೂರು ಕೋಶಗಳು ಮಾತ್ರ ಬಿಳಿಚಿವೆ. ಅವುಗಳ ಪೊರೆ ಹರಿದಿದೆ, ನೇರಳೆ ಬಣ್ಣವು ಸುತ್ತಲಿನ ನೀರಿನಲ್ಲಿ ತೆಳ್ಳಗೆ ಹರಡಿ ಮಾಯವಾಗುತ್ತಿದೆ.