ಬಂದೂಕು ಕೊಟ್ಟ ಕೈಗೆ ಏನು ಕೊಡಬೇಕು?

[ದೃಶ್ಯ: ಕಲಬುರಗಿ ಕೋಟೆ, ಬೆಳಿಗ್ಗೆ. ಬಾರಾ ಗಜಿ ತೋಪಿನ ಬಾಜೂಕ ನಿರೂಪಕ]

ನಮಸ್ಕಾರ್ರಿ. ಈ ತೋಪು ನೋಡ್ರಿ. ಎಂಥಾ ಲಡಾಯಿಗೆ ಮಾಡಿದ್ದೋ ಏನೋ, ಈಗ ಮಂದಿ ಇದರ ಮುಂದ ನಿಂತು ಸೆಲ್ಫಿ ತಕ್ಕೋತಾರ. ಲಡಾಯಿ ಮುಗಿದ ಮ್ಯಾಲ ತೋಪು ಸುಮ್ಮನ ಬಿದ್ದಿರ್ತದ, ಅದಕ್ಕೇನು ಹಸಿವಿಲ್ಲ. ತೋಪು ಹಾರಿಸಿದಂವಾ? ಅಂವ ಮರುದಿನ ಎಲ್ಲಿ ಹೋಗಬೇಕು, ಏನು ಉಣ್ಣಬೇಕು?

[ದೃಶ್ಯ: ಪಶ್ಚಿಮ ಆಫ್ರಿಕಾದ ನಕ್ಷೆ]

ಲೈಬೀರಿಯಾಕ್ಕ ಹೋಗೋಣ. ಸಣ್ಣ ದೇಶ, ಅಲ್ಲಿ ಲಡಾಯಿ ಮುಗಿಯೋ ಹೊತ್ತಿಗೆ ನಮ್ಮ ಕಲಬುರಗಿ, ಯಾದಗಿರಿ ಎರಡೂ ಜಿಲ್ಲಾ ಕೂಡಿಸಿದ್ರ ಎಷ್ಟು ಮಂದಿಯೋ ಹೆಚ್ಚುಕಮ್ಮಿ ಅಷ್ಟೇ ಇದ್ರು. 1989ಕ್ಕ ಶುರುವಾದ ಅಂತರ್ಯುದ್ಧ, ನಡುವ ಒಂದಿಷ್ಟು ದಿನ ತಣ್ಣಗಾಗಿ, 2003ರ ಆಗಸ್ಟ್‌ನಾಗ ಒಪ್ಪಂದ ಆಗಿ ನಿಂತಿತು. ಸತ್ತವರು ಸುಮಾರು ಎರಡೂವರೆ ಲಕ್ಷ.

ಆಮ್ಯಾಲ ವಿಶ್ವಸಂಸ್ಥೆ ಬಂತು. ಬಂದೂಕು ತಂದು ಒಪ್ಪಿಸ್ರಿ, ಎರಡು ಕಂತಿನಾಗ 300 ಡಾಲರ್ ಕೊಡ್ತೀವಿ ಅಂತು. ಡಿಸೆಂಬರ್‌ನಾಗ ರಾಜಧಾನಿ ಮನ್ರೋವಿಯಾದ ಹತ್ರ ಮೊದಲ ಕ್ಯಾಂಪ್. ತಯಾರಿ ಮಾಡಿಕೊಂಡಿದ್ದು ಒಂದು ಸಾವಿರ ಮಂದಿಗೆ, ಬಂದವರು ಅದರ ಎಷ್ಟೋ ಪಟ್ಟು. ರೊಕ್ಕ ಇವತ್ತೇ ಬೇಕು ಅಂತ ಜಗಳ ಹತ್ತಿ, ರಾಜಧಾನಿ ಕಡೆ ಗುಂಡು ಹಾರಿ, ಜೀವ ಹೋದವು. ಶಾಂತಿಯ ಕೆಲಸದಾಗೇ ಹೆಣ ಬಿದ್ದವು ನೋಡ್ರಿ. ಕೆಲಸ ನಿಲ್ಲಿಸಿ, ಏಪ್ರಿಲ್ 2004ಕ್ಕ ಮತ್ತ ಶುರು ಮಾಡಿದ್ರು.

[ಪರದೆ ಮೇಲೆ: 1,03,000 ಜನ / 28,000 ಬಂದೂಕು]

ಕೊನೀಗೆ ಹೆಸರು ಬರೆಸಿದವರು ಒಂದು ಲಕ್ಷ ಮೂರು ಸಾವಿರದಷ್ಟು. ಸಿಕ್ಕ ಬಂದೂಕು 28 ಸಾವಿರದ ಆಜೂಬಾಜು. ಲೆಕ್ಕ ಕೂಡಂಗಿಲ್ಲ, ಹೌದಲ್ರಿ?

ಒಂದು ಕಾರಣ ಖರೇನೇ ಅದ. ಪಡೆಗಳ ಬೆನ್ನ ಹಿಂದ ಅಡಿಗಿ ಮಾಡಿದ ಹೆಣ್ಮಕ್ಕಳು, ಗಂಟು ಹೊತ್ತ ಸಣ್ಣ ಹುಡುಗರು, ಇವರ ಕೈಯಾಗ ಬಂದೂಕು ಇರಲಿಲ್ಲ, ಆದ್ರೂ ಸೇರಿಸಿಕೊಂಡ್ರು. ಸೇರಿಸಬೇಕಾದ್ದೇ. ಇನ್ನೊಂದು ಕಾರಣ, ಬಂದೂಕಿಲ್ಲದಿದ್ರ 150 ಗುಂಡು ತಂದ್ರೂ ಸಾಕಿತ್ತು. ಕಮಾಂಡರ್‌ಗಳು ಗುಂಡು ಹಂಚಿ ತಮ್ಮ ಮಂದಿ ಹೆಸರು ಹಚ್ಚಿಸಿದ್ರು. ಬರ ಪರಿಹಾರದ ಪಟ್ಟಿ ನೋಡಿದ ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ ಬಿಡ್ರಿ.

ಆದ್ರೂ ನಾ ಹೇಳೋದು, ಇಷ್ಟು ಸೋರಿಕಿ ಆದ್ರೂ ಪರವಾಗಿಲ್ಲ. ಕೊಡದೇ ಇದ್ರ ಏನಾಗ್ತದ ಅಂತ ಇರಾಕ್ ತೋರಿಸ್ಯಾದ. 2003ರ ಮೇ 23ಕ್ಕ, ಇರಾಕ್ ಹಿಡಿದ ಅಮೆರಿಕದ ಆಡಳಿತಗಾರ ಒಂದು ಆದೇಶ ಹೊರಡಿಸಿ ಅಲ್ಲಿಯ ಇಡೀ ಸೈನ್ಯ ರದ್ದು ಮಾಡಿದ. ಸುಮಾರು ನಾಲ್ಕು ಲಕ್ಷ ಮಂದಿ, ಕೈಯಾಗ ತರಬೇತಿ ಇದ್ದವರು, ಪಗಾರ ಇಲ್ಲದೆ ಬೀದಿಗೆ. ತಿಂಗಳಾದ ಮ್ಯಾಲ ಭತ್ಯೆ ಘೋಷಿಸಿದ್ರು, ಅಷ್ಟೊತ್ತಿಗೆ ಎದಿಯಾಗ ಸಿಟ್ಟು ಕುಂತುಬಿಟ್ಟಿತ್ತು. ಅವರಾಗ ಎಷ್ಟೋ ಮಂದಿ ಬಂಡುಕೋರರ ಕೂಡ ಹೋದ್ರು.

ರೊಕ್ಕಾನೇ ಕೊಡಬೇಕಂತೇನಿಲ್ಲ. ಅಂತರ್ಯುದ್ಧ ಮುಗಿದ ಆಫ್ರಿಕಾದ ಮೊಜಾಂಬಿಕ್‌ನಾಗ ಚರ್ಚಿನವರು 1995ರಿಂದ ಬಂದೂಕಿಗೆ ಬದಲಾಗಿ ಹೊಲಿಗಿ ಮಷಿನ್ನು, ಸೈಕಲ್ಲು ಕೊಟ್ರು. ಕತ್ತರಿಸಿದ ಬಂದೂಕಿನಾಗ ಕಲಾವಿದರು ಕುರ್ಚಿ ಮಾಡಿದ್ರು. ಅಂಥಾದ್ದೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನಾಗ ಅದ.

[ದೃಶ್ಯ: ಹುಲ್ಲಿನ ಮೇಲೆ ಕುಂತ ಊರವರ ಚಿತ್ರ]

ಬಂದೂಕು ಹೋಯ್ತು, ಕೆಲಸ ಸಿಕ್ತು ಅನ್ರಿ. ಆದ್ರ ಕೊಂದವನೂ ಸತ್ತವನ ಹೆಂಡತಿಯೂ ಒಂದೇ ಬಾವಿಗೆ ನೀರಿಗೆ ಬರಬೇಕಲ್ಲ? ರುವಾಂಡಾದಾಗ 1994ರ ನರಮೇಧದ ಮ್ಯಾಲ ಊರೂರಿಗೆ ‘ಗಚಾಚಾ’ ಪಂಚಾಯ್ತಿ ಕುಂದ್ರಿಸಿದ್ರು. ಯಾರು ಯಾರನ್ನ ಕೊಂದ್ರು, ಹೆಣ ಎಲ್ಲಿ ಹುಗಿದ್ರು, ಎಲ್ಲಾ ಊರ ಮುಂದೇ ಹೇಳಬೇಕು. ಕುಂದು ಕೊರತಿ ಭಾಳ ಇದ್ದವು, ವಕೀಲರೇ ಇರಲಿಲ್ಲ. 2012ರ ತನಕ ನಡೀತು.

ನಮ್ಮಲ್ಲಿ? 1948ರ ಸೆಪ್ಟೆಂಬರ್‌ನಾಗ, ನಿಜಾಮನ ಹೈದರಾಬಾದ್ ಸಂಸ್ಥಾನವನ್ನ ಭಾರತಕ್ಕ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಐದೇ ದಿನಕ್ಕ ಮುಗೀತು. ಅದಕ್ಕೂ ಮೊದಲು ರಜಾಕಾರರ, ಅಂದ್ರ ನಿಜಾಮನ ಪರ ಇದ್ದ ಖಾಸಗಿ ಪಡೆಯವರ ಕಾಲದಾಗ ಏನಾಯ್ತು ಅನ್ನೋದಕ್ಕ ಬೀದರ್ ಜಿಲ್ಲಾದ ಗೋರ್ಟಾದಾಗ ಸ್ಮಾರಕ ಅದ. ಕಾರ್ಯಾಚರಣೆ ಆದ ಮ್ಯಾಲ ಹಳ್ಳಿಗಳಾಗ ಏನಾಯ್ತು ಅಂತ ನೋಡಿ ಬರಲಿಕ್ಕ ನೆಹರೂ ಪಂಡಿತ ಸುಂದರಲಾಲರ ಸಮಿತಿ ಕಳಿಸಿದ್ರು. ಆ ವರದಿ ಎಷ್ಟೋ ದಶಕ ಕಪಾಟಿನಾಗೇ ಇತ್ತು.

ನಮ್ಮ ಅಜ್ಜಿ ಆ ವರ್ಷದ ಮಾತು ಬಂದ್ರ ದನಿ ಸಣ್ಣ ಮಾಡ್ತಿದ್ದಳು. ಭಾಳ ಕೇಳಿದ್ರ, “ಹೋಗ್ಲಿ ಬಿಡಪ್ಪಾ, ರೊಟ್ಟಿ ಆರ್ತದ, ಉಣ್ಣು” ಅಂತಿದ್ದಳು.